ಮನೆಯ ಕಂಪ್ಯೂಟರಿಗೆ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್: ದೊಡ್ಡದು ಒಂದೋ, ಸಣ್ಣವು ಎರಡೋ?

ಪ್ರಶ್ನೆ: ನಾನು ಶಿರಸಿ ತಾಲ್ಲೂಕಿನ ಹಳ್ಳಿಯೊಂದರಲ್ಲಿರುವ ನಿವೃತ್ತ ಪ್ರೌಢಶಾಲಾ ಶಿಕ್ಷಕ. ಮನೆಯಲ್ಲಿ ವಿಂಡೋಸ್ ಇರುವ ಡೆಸ್ಕ್‌ಟಾಪ್ ಕಂಪ್ಯೂಟರ್ ಇದೆ. ಅದರ 500 ಜಿಬಿ ಡಿಸ್ಕ್ ಬಹುತೇಕ ತುಂಬಿದೆ. ಹದಿನೈದು ವರ್ಷಗಳ ಫೋಟೊಗಳು, ಮಗಳ ಮದುವೆಯ ವಿಡಿಯೊ, ನಮ್ಮ ತಂದೆಯವರು ಕ್ಯಾಸೆಟ್‌ಗಳಲ್ಲಿ ಧ್ವನಿಮುದ್ರಿಸಿಟ್ಟಿದ್ದ ಯಕ್ಷಗಾನ, ತಾಳಮದ್ದಳೆಗಳು ಮತ್ತು ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ನನ್ನ ಲೇಖನಗಳು ಅದರಲ್ಲಿವೆ. ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಕೊಂಡು ಎಲ್ಲವನ್ನೂ ಅದಕ್ಕೆ ಸಾಗಿಸಿ ಕಂಪ್ಯೂಟರಿನಿಂದ ಅಳಿಸಬೇಕೆಂದಿದ್ದೇನೆ. 5 ಟಿಬಿಯದನ್ನು ಕೊಂಡರೆ ಮತ್ತೆ ಚಿಂತೆಯಿಲ್ಲ ಎಂದು ಅಂಗಡಿಯವರು ಹೇಳುತ್ತಾರೆ. ತಿರುಗುವ ತಟ್ಟೆಗಳ ಬದಲು ಚಿಪ್‌ಗಳಲ್ಲಿ ಮಾಹಿತಿ ಉಳಿಸುವ ಎಸ್‌ಎಸ್‌ಡಿಯೇ ಒಳ್ಳೆಯದೆಂದು ಬೆಂಗಳೂರಿನಲ್ಲಿರುವ ಮಗ ಹೇಳುತ್ತಾನೆ. ಅವನು ಬಳಸುವುದು ಆಪಲ್ ಕಂಪನಿಯ ಮ್ಯಾಕ್ ಕಂಪ್ಯೂಟರ್. ಯಾವುದನ್ನು ಕೊಳ್ಳಲಿ, ಹೇಗೆ ಬಳಸಲಿ, ಅದು ಎಷ್ಟು ವರ್ಷ ಬಾಳುತ್ತದೆ?

ಉತ್ತರ: ನಿಮ್ಮ ಪತ್ರದಲ್ಲಿ ನನ್ನನ್ನು ಕಳವಳಗೊಳಿಸಿದ್ದು ‘ಎಲ್ಲವನ್ನೂ ಅದಕ್ಕೆ ಸಾಗಿಸಿ ಕಂಪ್ಯೂಟರಿನಿಂದ ಅಳಿಸಬೇಕೆಂದಿದ್ದೇನೆ’ ಎಂಬ ಮಾತು. ಯಾವ ಕಂಪನಿ, ಎಷ್ಟು ಟಿಬಿ ಎಂಬ ವಿಚಾರವೆಲ್ಲ ಇದರ ನಂತರದ್ದು. ಇಂದು ನಿಮ್ಮ ತಂದೆಯವರ ಧ್ವನಿಮುದ್ರಿಕೆಗಳು ಒಂದೇ ಒಂದು ಡಿಸ್ಕಿನಲ್ಲಿವೆ. ನೀವು ಯೋಚಿಸಿರುವಂತೆ ಮಾಡಿದರೆ ನಾಳೆಯೂ ಅವು ಒಂದೇ ಡಿಸ್ಕಿನಲ್ಲಿರುತ್ತವೆ, ಅದೂ ಕೈಜಾರಿ ನೆಲಕ್ಕೆ ಬೀಳಬಹುದಾದ ಡಿಸ್ಕಿನಲ್ಲಿ. ಹಾಗೆ ಮಾಡಿದರೆ ಜಾಗ ಹೆಚ್ಚುತ್ತದೆಯೇ ಹೊರತು ಭದ್ರತೆ ಹೆಚ್ಚುವುದಿಲ್ಲ. ಆದ್ದರಿಂದ 5 ಟಿಬಿಯ ಒಂದು ಡಿಸ್ಕನ್ನು ಬಿಟ್ಟು 2 ಟಿಬಿಯ ಎರಡು ಡಿಸ್ಕ್‌ಗಳನ್ನು ಕೊಳ್ಳಿ, ಎರಡರಲ್ಲಿಯೂ ಎಲ್ಲವನ್ನೂ ಇಡಿ, ಆ ಬಳಿಕವಷ್ಟೇ ಕಂಪ್ಯೂಟರಿನಲ್ಲಿ ಅಳಿಸುವ ಯೋಚನೆ ಮಾಡಿ. ಎರಡಕ್ಕೆ ಹಣ ಸಾಲದಿದ್ದರೆ 1 ಟಿಬಿಯ ಎರಡನ್ನು ಕೊಳ್ಳಿ, ಆದರೆ ಎರಡು ಎಂಬುದನ್ನು ಮಾತ್ರ ಬಿಡಬೇಡಿ.

ಹಾರ್ಡ್ ಡಿಸ್ಕ್ ಯಂತ್ರವೆಂಬುದನ್ನು ನಾವು ಮರೆಯುತ್ತೇವೆ. ಪೋರ್ಟಬಲ್ ಡಿಸ್ಕಿನೊಳಗಿನ ತಟ್ಟೆಗಳು ಸಾಮಾನ್ಯವಾಗಿ ನಿಮಿಷಕ್ಕೆ 5,400 ಸುತ್ತು ತಿರುಗುತ್ತವೆ. ಅವುಗಳ ಮೇಲೆ ಓದುವ, ಬರೆಯುವ ಹೆಡ್ ಕೆಲವೇ ನ್ಯಾನೊಮೀಟರ್ ಅಂತರದಲ್ಲಿ ತೇಲುತ್ತಿರುತ್ತದೆ. ತಿರುಗುತ್ತಿರುವಾಗ ಡಿಸ್ಕ್ ಮೇಜಿನಿಂದ ಬಿದ್ದರೆ ಹೆಡ್ ತಟ್ಟೆಗೆ ತಗುಲಿ ಗೀರುತ್ತದೆ, ಗೀರಿದ ಜಾಗದಲ್ಲಿದ್ದುದು ಮರಳಿ ಸಿಗುವುದಿಲ್ಲ. ಬೀಳದೆಯೂ ಡಿಸ್ಕ್‌ಗಳು ಕೆಡುತ್ತವೆ. ಲಕ್ಷಗಟ್ಟಲೆ ಡಿಸ್ಕ್‌ಗಳನ್ನು ನಡೆಸುವ ಅಮೆರಿಕದ ಬ್ಯಾಕ್‌ಬ್ಲೇಜ್ ಕಂಪನಿಯು ಪ್ರತಿ ವರ್ಷ ತನ್ನ ಅಂಕಿಅಂಶಗಳನ್ನು ಪ್ರಕಟಿಸುತ್ತದೆ. ಅದರಂತೆ 2023ರಲ್ಲಿ ಶೇ 1.70ರಷ್ಟು, 2024ರಲ್ಲಿ ಶೇ 1.57ರಷ್ಟು ಡಿಸ್ಕ್‌ಗಳು ಕೆಟ್ಟವು. ಅವು ತಂಪಾದ ಕೋಣೆಯಲ್ಲಿ, ಸ್ಥಿರವಾದ ವಿದ್ಯುತ್ತಿನಲ್ಲಿ, ಅಲುಗಾಡದೆ ಕುಳಿತ ದೊಡ್ಡ ಡಿಸ್ಕ್‌ಗಳು. ಚೀಲದಲ್ಲಿ ತಿರುಗುವ, ಕರೆಂಟು ಹೋಗಿ ಬರುವ ಮನೆಯಲ್ಲಿರುವ ಸಣ್ಣ ಡಿಸ್ಕಿಗೆ ಅಷ್ಟು ಒಳ್ಳೆಯ ದಿನಗಳಿರುವುದಿಲ್ಲ. ಯಾವ ಡಿಸ್ಕ್ ಯಾವಾಗ ಕೆಡುತ್ತದೆಂದು ಯಾರೂ ಹೇಳಲಾರರು, ಆದರೆ ಬೇರೆ ಬೇರೆ ಮನೆಗಳಲ್ಲಿರುವ ಎರಡು ಡಿಸ್ಕ್‌ಗಳು ಒಂದೇ ವಾರದಲ್ಲಿ ಕೆಡುವ ಸಾಧ್ಯತೆ ಬಹಳ ಕಡಿಮೆ ಎಂದು ಮಾತ್ರ ಧೈರ್ಯವಾಗಿ ಹೇಳಬಹುದು.

ಈಗ ಅಳತೆಯ ವಿಚಾರ. ಸಿಡಿ ಗುಣಮಟ್ಟದಲ್ಲಿ, ಅಂದರೆ ಕುಗ್ಗಿಸದ ವೇವ್ ಫೈಲಾಗಿ ಉಳಿಸಿದ ಸ್ಟೀರಿಯೊ ಧ್ವನಿ ಗಂಟೆಗೆ ಸುಮಾರು 635 ಎಂಬಿ ತಿನ್ನುತ್ತದೆ. ಎಂಟು ಗಂಟೆಯ ಇಡೀ ರಾತ್ರಿಯ ಆಟ 5 ಜಿಬಿಗೆ ನಿಲ್ಲುತ್ತದೆ, 90 ನಿಮಿಷದ ನೂರು ಕ್ಯಾಸೆಟ್‌ಗಳಿದ್ದರೂ 100 ಜಿಬಿ ದಾಟುವುದಿಲ್ಲ. ಹೀಗಿರುವಾಗ ಜಾಗ ಉಳಿಸಲೆಂದು ತಂದೆಯವರ ಧ್ವನಿಮುದ್ರಿಕೆಗಳನ್ನು ಎಂಪಿ3 ಮಾಡಿ ಮೂಲವನ್ನು ಅಳಿಸುವ ಅಗತ್ಯ ಖಂಡಿತ ಇಲ್ಲ. ಎಂಪಿ3ಯಲ್ಲಿ ಒಮ್ಮೆ ಕಳೆದ ಮದ್ದಳೆ, ಚಂಡೆಗಳ ಸೂಕ್ಷ್ಮ ನಾದ ಮತ್ತೆ ಬಾರದು. ಮೊಬೈಲಿನಲ್ಲಿ ಕೇಳಲು ಎಂಪಿ3 ಬೇರೆಯಾಗಿರಲಿ, ಡಿಸ್ಕಿನಲ್ಲಿ ವೇವ್ ಇರಲಿ. ಫೋಟೊಗಳೂ ನೀವು ಭಾವಿಸಿದಷ್ಟು ಜಾಗ ತಿನ್ನುವುದಿಲ್ಲ. ಒಂದಕ್ಕೆ 4 ಎಂಬಿಯಂತೆ ಹತ್ತು ಸಾವಿರ ಫೋಟೊಗಳಿಗೆ 40 ಜಿಬಿ ಸಾಕು. ಜಾಗವನ್ನು ನುಂಗುವುದು ವಿಡಿಯೊ. ಸದ್ಯ ನಿಮ್ಮಲ್ಲಿರುವುದು 500 ಜಿಬಿಗಿಂತ ಕಡಿಮೆಯಾದ್ದರಿಂದ ಇನ್ನೂ ಕೆಲವು ವರ್ಷಗಳಿಗೆ 2 ಟಿಬಿ ಧಾರಾಳವಾಯಿತು. ಡಿಸ್ಕನ್ನು ಸಿಕ್ಕಿಸಿದಾಗ ವಿಂಡೋಸ್ 2 ಟಿಬಿಯ ಬದಲು 1.81 ಟಿಬಿ ಎಂದು ತೋರಿಸಿದರೆ ಮೋಸವಾಯಿತೆಂದು ತಿಳಿಯಬೇಡಿ. ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1,024ರ ಲೆಕ್ಕದಲ್ಲಿ ಎಣಿಸುತ್ತದೆ.

ನಿಮ್ಮ ಮಗ ಎಸ್‌ಎಸ್‌ಡಿಯ ಬಗ್ಗೆ ಹೇಳುವುದರಲ್ಲಿ ತಪ್ಪಿಲ್ಲ. ಅದರಲ್ಲಿ ತಿರುಗುವ ಭಾಗಗಳಿಲ್ಲ, ಬಿದ್ದರೆ ತಾಳುತ್ತದೆ, ಮಧ್ಯಮ ದರ್ಜೆಯ ಪೋರ್ಟಬಲ್ ಎಸ್‌ಎಸ್‌ಡಿ ಕೂಡ ಸೆಕೆಂಡಿಗೆ 1,000 ಎಂಬಿಯ ಆಸುಪಾಸಿನಲ್ಲಿ ಓದುತ್ತದೆ. ಹಾರ್ಡ್ ಡಿಸ್ಕಿನ ವೇಗ ಅದರ ಎಂಟನೇ ಒಂದು ಪಾಲಿನಷ್ಟು. ದಿನವೂ ಚೀಲದಲ್ಲಿ ಹೊತ್ತು ಓಡಾಡುವವರಿಗೆ, ಡಿಸ್ಕಿನಿಂದಲೇ ವಿಡಿಯೊ ಎಡಿಟ್ ಮಾಡುವವರಿಗೆ ಅದೇ ಸರಿ. ಆದರೆ ನಿಮ್ಮ ಅಗತ್ಯ ಬೇರೆ. ನೀವು ತುಂಬಿಸಿ, ಕಪಾಟಿನಲ್ಲಿಟ್ಟು, ತಿಂಗಳಿಗೊಮ್ಮೆ ತೆಗೆಯುವವರು. ಎಸ್‌ಎಸ್‌ಡಿಯು ಮಾಹಿತಿಯನ್ನು ವಿದ್ಯುದಾವೇಶವಾಗಿ ಹಿಡಿದಿಟ್ಟುಕೊಳ್ಳುತ್ತದೆ, ವಿದ್ಯುತ್ ಸಿಗದೆ ಬಹುಕಾಲ ಬಿದ್ದಿದ್ದರೆ ಆ ಆವೇಶ ನಿಧಾನವಾಗಿ ಸೋರುತ್ತದೆ. ಮನೆಬಳಕೆಯ ಎಸ್‌ಎಸ್‌ಡಿಯು ತನ್ನ ಬರವಣಿಗೆಯ ಆಯಸ್ಸನ್ನು ಪೂರ್ತಿ ಬಳಸಿದ ಮೇಲೂ 30 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ವಿದ್ಯುತ್ತಿಲ್ಲದೆ ಒಂದು ವರ್ಷ ಮಾಹಿತಿಯನ್ನು ಉಳಿಸಿಕೊಳ್ಳಬೇಕು ಎಂಬುದು ಚಿಪ್‌ಗಳಿಗೆ ಗುಣಮಟ್ಟ ನಿಗದಿಪಡಿಸುವ ಜೆಡೆಕ್ ಸಂಸ್ಥೆಯ ಮಾನದಂಡ. ಹೊಸದು ಅದಕ್ಕಿಂತ ಹೆಚ್ಚು ಕಾಲ ಉಳಿಸಿಕೊಳ್ಳುತ್ತದೆ, ಆದರೂ ವರ್ಷಗಟ್ಟಲೆ ಕಪಾಟಿನಲ್ಲಿಟ್ಟು ಮರೆಯಲು ಅದು ತಕ್ಕ ವಸ್ತುವಲ್ಲ. ಅಷ್ಟೇ ಜಾಗಕ್ಕೆ ಅದರ ಬೆಲೆಯೂ ಹೆಚ್ಚು. ಆ ಹಣದಲ್ಲಿ ಎರಡನೆಯ ಹಾರ್ಡ್ ಡಿಸ್ಕ್ ಬರುವುದಾದರೆ ನಾನು ಎರಡನೆಯ ಹಾರ್ಡ್ ಡಿಸ್ಕನ್ನೇ ಆರಿಸುತ್ತೇನೆ.

ಹಾರ್ಡ್ ಡಿಸ್ಕ್‌ಗಳಲ್ಲಿ ಎರಡು ಗಾತ್ರಗಳಿವೆ. 3.5 ಇಂಚಿನದಕ್ಕೆ ಪ್ರತ್ಯೇಕ ಅಡಾಪ್ಟರ್ ಬೇಕು, ಅದನ್ನು ಗೋಡೆಯ ಪ್ಲಗ್ಗಿಗೆ ಸಿಕ್ಕಿಸಬೇಕು. 2.5 ಇಂಚಿನ ಪೋರ್ಟಬಲ್ ಡಿಸ್ಕ್ ಯುಎಸ್‌ಬಿ ಕೇಬಲಿನಿಂದಲೇ ವಿದ್ಯುತ್ ಪಡೆಯುತ್ತದೆ. ಮಲೆನಾಡಿನ ಗುಡುಗು, ಸಿಡಿಲು, ಮತ್ತೆ ಮತ್ತೆ ಹೋಗುವ ಕರೆಂಟು ಇವನ್ನೆಲ್ಲ ನೋಡಿದರೆ ನಿಮಗೆ 2.5 ಇಂಚಿನದೇ ಒಳ್ಳೆಯದು. ಇಂದು ಜಗತ್ತಿನಲ್ಲಿ ಹಾರ್ಡ್ ಡಿಸ್ಕ್ ತಯಾರಿಸುವ ಕಂಪನಿಗಳು ಮೂರೇ ಉಳಿದಿವೆ: ಸೀಗೇಟ್, ವೆಸ್ಟರ್ನ್ ಡಿಜಿಟಲ್ ಮತ್ತು ತೋಷಿಬಾ. ಪೆಟ್ಟಿಗೆಯ ಮೇಲೆ ಬೇರೆ ಹೆಸರಿದ್ದರೂ ಒಳಗಿರುವುದು ಈ ಮೂವರಲ್ಲಿ ಒಬ್ಬರದೇ. ಇವರಲ್ಲಿ ಯಾರದು ಅತ್ಯುತ್ತಮ ಎಂಬ ವಾದ ಅಂಗಡಿಗಳಲ್ಲಿ ಮುಗಿಯುವುದೇ ಇಲ್ಲ, ನಾನು ಅದಕ್ಕೆ ಹೆಚ್ಚು ಬೆಲೆ ಕೊಡುವುದಿಲ್ಲ. ಎರಡು ಡಿಸ್ಕ್‌ಗಳನ್ನು ಎರಡು ಬೇರೆ ಕಂಪನಿಗಳಿಂದ ಕೊಳ್ಳಿ. ಆಗ ತಯಾರಿಕೆಯ ಒಂದೇ ದೋಷಕ್ಕೆ ಎರಡೂ ಬಲಿಯಾಗುವ ಭಯವಿರುವುದಿಲ್ಲ.

ಇಲ್ಲಿ ಒಂದು ವಿಷಯವನ್ನು ಮೊದಲೇ ತಿಳಿದಿರಬೇಕು, ಏಕೆಂದರೆ ಇದನ್ನು ಅರಿಯದೆ ಅನೇಕರು ಹೊಸ ಡಿಸ್ಕ್ ಕೆಟ್ಟಿದೆಯೆಂದು ಹಿಂದಿರುಗಿಸಲು ಹೋಗುತ್ತಾರೆ. ಈಗಿನ ಪೋರ್ಟಬಲ್ ಡಿಸ್ಕ್‌ಗಳಲ್ಲಿ ಹೆಚ್ಚಿನವು ಎಸ್‌ಎಂಆರ್ ಎಂಬ ವಿಧಾನದಲ್ಲಿ ಬರೆಯುತ್ತವೆ. ಕಡಿಮೆ ಜಾಗದಲ್ಲಿ ಹೆಚ್ಚು ತುಂಬಲೆಂದು, ಮಂಗಳೂರು ಹೆಂಚು ಹೊದಿಸಿದಂತೆ ಒಂದು ಸಾಲಿನ ಅಂಚಿನ ಮೇಲೆ ಮತ್ತೊಂದು ಸಾಲು ಬರುವ ಹಾಗೆ ಬರೆಯುವ ವಿಧಾನವದು. ಕೆಳಗಿನ ಹೆಂಚನ್ನು ಬದಲಿಸಲು ಮೇಲಿನವನ್ನು ಎತ್ತಲೇಬೇಕಾದಂತೆ, ಹಳೆಯ ಫೈಲಿನ ಜಾಗದಲ್ಲಿ ಹೊಸದನ್ನು ಬರೆಯುವಾಗ ಡಿಸ್ಕ್ ಅಕ್ಕಪಕ್ಕದ ಸಾಲುಗಳನ್ನೂ ಮತ್ತೆ ಬರೆಯಬೇಕಾಗುತ್ತದೆ. ಹಾಗಾಗಿ ನೂರಾರು ಜಿಬಿಯನ್ನು ಒಂದೇ ಸಲ ನಕಲು ಮಾಡುವಾಗ ಮೊದಲು ಚುರುಕಾಗಿದ್ದ ವೇಗ ಸ್ವಲ್ಪ ಹೊತ್ತಿನ ಮೇಲೆ ತೀರಾ ಕುಸಿಯಬಹುದು. ಅದು ರೋಗವಲ್ಲ. ತುಂಬಿಸಿ ಇಡುವ ಕೆಲಸಕ್ಕೆ ಈ ಡಿಸ್ಕ್ ಸಾಕು. ಅದರ ಮೇಲೆ ದಿನವೂ ಬರೆದು ಅಳಿಸುತ್ತಿರಬಾರದು ಅಷ್ಟೇ.

ಕೊಳ್ಳುವಾಗ ಬಿಲ್ ಪಡೆಯಿರಿ, ಡಿಸ್ಕಿನ ಸೀರಿಯಲ್ ನಂಬರನ್ನು ತಯಾರಕರ ಜಾಲತಾಣದಲ್ಲಿ ಹಾಕಿ ಭಾರತದಲ್ಲಿ ವಾರಂಟಿ ಇದೆಯೇ ಎಂದು ನೋಡಿ. ವಾರಂಟಿ ಇರುವುದು ಡಿಸ್ಕಿಗೆ, ಒಳಗಿನ ಫೋಟೊಗಳಿಗಲ್ಲ. ಕೆಟ್ಟರೆ ಬೇರೆ ಡಿಸ್ಕ್ ಕೊಡುತ್ತಾರೆ, ಹಳೆಯದು ಮರಳಿ ಬರುವುದಿಲ್ಲ. ಅಂತರ್ಜಾಲದಲ್ಲಿ ಅತಿ ಅಗ್ಗದ ಬೆಲೆಗೆ ‘16 ಟಿಬಿ ಎಸ್‌ಎಸ್‌ಡಿ’ ಎಂದು ಮಾರುವ ಹೆಸರಿಲ್ಲದ ವಸ್ತುಗಳ ಹತ್ತಿರವೂ ಹೋಗಬೇಡಿ. ಅವುಗಳೊಳಗೆ ಸಾಮಾನ್ಯವಾಗಿ ಒಂದು ಸಣ್ಣ ಮೆಮೊರಿ ಕಾರ್ಡ್ ಇರುತ್ತದೆ. ದೊಡ್ಡ ಅಳತೆ ತೋರಿಸುವಂತೆ ಅದನ್ನು ತಿದ್ದಿರುತ್ತಾರೆ. ಕಾರ್ಡ್ ತುಂಬಿದ ಮೇಲೆ ಬರೆದದ್ದೆಲ್ಲ ಸದ್ದಿಲ್ಲದೆ ನಾಶವಾಗುತ್ತದೆ, ಫೈಲಿನ ಹೆಸರು ಮಾತ್ರ ಕಾಣುತ್ತಿರುತ್ತದೆ. ಅನುಮಾನವಿದ್ದರೆ ಎಚ್2ಟೆಸ್ಟ್‌ಡಬ್ಲ್ಯೂ ಎಂಬ ಉಚಿತ ತಂತ್ರಾಂಶವು ಡಿಸ್ಕನ್ನು ಪೂರ್ತಿ ತುಂಬಿಸಿ, ಮರಳಿ ಓದಿ ನಿಜವನ್ನು ಹೇಳುತ್ತದೆ.

ಮಗ ಮ್ಯಾಕ್ ಬಳಸುತ್ತಾರೆಂಬ ಕಾರಣಕ್ಕೆ ಡಿಸ್ಕನ್ನು ಎಕ್ಸ್‌ಫ್ಯಾಟ್ ಕ್ರಮದಲ್ಲಿ ಫಾರ್ಮ್ಯಾಟ್ ಮಾಡಿ (ಫೈಲುಗಳನ್ನು ಜೋಡಿಸಿಡುವ ಕ್ರಮವನ್ನು ಡಿಸ್ಕಿನಲ್ಲಿ ಅಳವಡಿಸಿ) ಎಂದು ಬಹುಮಂದಿ ಹೇಳುತ್ತಾರೆ. ಅದನ್ನು ವಿಂಡೋಸ್ ಮತ್ತು ಮ್ಯಾಕ್ ಎರಡೂ ಓದಿ ಬರೆಯುತ್ತವೆ ಎಂಬುದೂ ನಿಜ. ಆದರೆ ನಿಮಗೆ ನಾನು ವಿಂಡೋಸಿನದೇ ಆದ ಎನ್‌ಟಿಎಫ್‌ಎಸ್ ಕ್ರಮವನ್ನು ಸೂಚಿಸುತ್ತೇನೆ. ಎನ್‌ಟಿಎಫ್‌ಎಸ್ ತಾನು ಮಾಡುವ ಬದಲಾವಣೆಗಳ ಲೆಕ್ಕವನ್ನು ಮೊದಲೇ ಬರೆದಿಟ್ಟುಕೊಳ್ಳುವುದರಿಂದ ನಕಲಿನ ನಡುವೆ ಕರೆಂಟು ಹೋದರೂ ಡಿಸ್ಕಿನ ಫೋಲ್ಡರ್ ವ್ಯವಸ್ಥೆಯನ್ನು ಸರಿಪಡಿಸಿಕೊಳ್ಳುತ್ತದೆ. ಎಕ್ಸ್‌ಫ್ಯಾಟಿಗೆ ಆ ಲೆಕ್ಕದ ಪುಸ್ತಕವಿಲ್ಲ. ಮ್ಯಾಕ್ ತಾನಾಗಿ ಎನ್‌ಟಿಎಫ್‌ಎಸ್ ಡಿಸ್ಕನ್ನು ಓದಬಲ್ಲದು, ಅದರ ಮೇಲೆ ಬರೆಯಲಾರದು. ಜನ ಇದನ್ನು ಕೊರತೆಯೆಂದು ಹೇಳುತ್ತಾರೆ, ಆದರೆ ನಿಮ್ಮ ಸಂಗ್ರಹದ ಮಟ್ಟಿಗೆ ಇದು ರಕ್ಷಣೆ. ಮಗ ಬೇಕಾದ ಫೋಟೊವನ್ನು ತಮ್ಮ ಮ್ಯಾಕ್‌ಗೆ ನಕಲು ಮಾಡಿಕೊಳ್ಳಬಹುದು, ತಿಳಿಯದೆ ಏನನ್ನೂ ಅಳಿಸಲಾರರು. ಹಳೆಯ ಫ್ಯಾಟ್32 ಕ್ರಮವನ್ನು ಮಾತ್ರ ಬಳಸಬೇಡಿ. ಅದರಲ್ಲಿ 4 ಜಿಬಿಗಿಂತ ದೊಡ್ಡದಾದ ಒಂದು ಫೈಲ್ ಹಿಡಿಯುವುದಿಲ್ಲ, ಮದುವೆಯ ವಿಡಿಯೊ ಅಲ್ಲಿಯೇ ನಿಂತುಬಿಡುತ್ತದೆ. ಫಾರ್ಮ್ಯಾಟ್ ಮಾಡುವ ಕೆಲಸವನ್ನು ಡಿಸ್ಕ್ ಖಾಲಿಯಿರುವಾಗಲೇ ಮುಗಿಸಿ. ಫಾರ್ಮ್ಯಾಟ್ ಮಾಡಿದರೆ ಒಳಗಿರುವುದೆಲ್ಲ ಹೋಗುತ್ತದೆ.

ಕೇಬಲನ್ನು ಡೆಸ್ಕ್‌ಟಾಪಿನ ಹಿಂಬದಿಯ ಯುಎಸ್‌ಬಿ 3 ಕಿಂಡಿಗೆ ಸಿಕ್ಕಿಸಿ. ಬಹುತೇಕ ಕಂಪ್ಯೂಟರುಗಳಲ್ಲಿ ಅದರ ಒಳಗಿನ ನಾಲಗೆ ನೀಲಿ ಬಣ್ಣದ್ದಾಗಿರುತ್ತದೆ. ಹಳೆಯ ಯುಎಸ್‌ಬಿ 2 ಕಿಂಡಿಯಲ್ಲಿ ಸೆಕೆಂಡಿಗೆ 35 ಎಂಬಿಯ ಆಸುಪಾಸು ಮಾತ್ರ ಸಾಗುವುದರಿಂದ 400 ಜಿಬಿಗೆ ಮೂರು ಗಂಟೆಗೂ ಹೆಚ್ಚು ಸಮಯ ಬೇಕು. ಯುಎಸ್‌ಬಿ 3ರಲ್ಲಿ ದೊಡ್ಡ ಫೈಲುಗಳಾದರೆ ಅದು ಸುಮಾರು ಒಂದು ಗಂಟೆಯ ಕೆಲಸ, ಸಾವಿರಾರು ಸಣ್ಣ ಫೋಟೊಗಳಿದ್ದರೆ ಇನ್ನಷ್ಟು. ಮುಂಬದಿಯ ಕಿಂಡಿಗಳಲ್ಲಿ, ಅಗ್ಗದ ಹಬ್‌ಗಳಲ್ಲಿ ವಿದ್ಯುತ್ ಸಾಲದೆ ಡಿಸ್ಕ್ ‘ಟಿಕ್ ಟಿಕ್’ ಎಂದು ಮತ್ತೆ ಮತ್ತೆ ಶುರುವಾಗಲು ಹೆಣಗುವುದುಂಟು. ಆಗ ಗಾಬರಿಯಾಗದೆ ಮೊದಲು ಕಿಂಡಿಯನ್ನು, ಆಮೇಲೆ ಕೇಬಲನ್ನು ಬದಲಿಸಿ ನೋಡಿ. ಯುಪಿಎಸ್ ಇದ್ದರೆ ಅದರ ಮೇಲೆ ಕಂಪ್ಯೂಟರ್ ನಡೆಯುತ್ತಿರುವಾಗಲೇ ಈ ಕೆಲಸ ಮಾಡಿ.

ಸಾಗಿಸುವಾಗ ‘ಕಟ್’ ಎಂಬುದನ್ನು ಬಳಸದೆ ‘ಕಾಪಿ’ ಬಳಸಿ. ಮೊದಲ ಡಿಸ್ಕಿಗೂ ಎರಡನೆಯದಕ್ಕೂ ಕಂಪ್ಯೂಟರಿನಿಂದಲೇ ನೇರವಾಗಿ ನಕಲು ಮಾಡಿ, ಒಂದು ಡಿಸ್ಕಿನಿಂದ ಇನ್ನೊಂದಕ್ಕೆ ಬೇಡ. ಮೊದಲನೆಯ ನಕಲಿನಲ್ಲಿ ದೋಷವಿದ್ದರೆ ಅದೇ ದೋಷ ಎರಡನೆಯದಕ್ಕೂ ದಾಟುತ್ತದೆ. ಫ್ರೀಫೈಲ್‌ಸಿಂಕ್ ಎಂಬ ಉಚಿತ ತಂತ್ರಾಂಶದಲ್ಲಿ ಫೈಲುಗಳ ಒಳಗಿನ ವಿಷಯವನ್ನೇ ಹೋಲಿಸುವ ಆಯ್ಕೆ ಇದೆ. ಅದು ಕೆಲವು ಗಂಟೆ ತೆಗೆದುಕೊಂಡರೂ ಅಳಿಸುವ ಮೊದಲು ಒಮ್ಮೆ ಎರಡೂ ಡಿಸ್ಕ್‌ಗಳನ್ನು ಹೀಗೆ ಹೋಲಿಸಲೇಬೇಕು. ಇದೇ ತಂತ್ರಾಂಶದಲ್ಲಿ ಮುಂದೆ ಪ್ರತಿ ತಿಂಗಳು ಹೊಸದಾಗಿ ಸೇರಿದ್ದನ್ನು ಮಾತ್ರ ಡಿಸ್ಕಿಗೆ ಕಳುಹಿಸಬಹುದು. ಅಲ್ಲಿರುವ ಬಗೆಗಳಲ್ಲಿ ‘ಮಿರರ್’ ಮತ್ತು ‘ಅಪ್‌ಡೇಟ್’ ಎಂಬ ಎರಡನ್ನು ಗಮನಿಸಿ. ನೀವು ‘ಅಪ್‌ಡೇಟ್’ ಅನ್ನೇ ಬಳಸಿ. ‘ಮಿರರ್’ ಎಂಬುದು ಕಂಪ್ಯೂಟರಿನಲ್ಲಿ ಇಲ್ಲದ್ದನ್ನು ಡಿಸ್ಕಿನಿಂದಲೂ ಅಳಿಸುತ್ತದೆ. ಜಾಗಕ್ಕಾಗಿ ಕಂಪ್ಯೂಟರಿನಲ್ಲಿ ಅಳಿಸಿ, ಮರುದಿನ ‘ಮಿರರ್’ ಒತ್ತಿದರೆ ಆ ಡಿಸ್ಕಿನಲ್ಲಿದ್ದ ನಕಲೂ ಹೋಗುತ್ತದೆ. ಕೆಲಸ ಮುಗಿದ ಮೇಲೆ ‘ಈಜೆಕ್ಟ್’ ಕೊಟ್ಟು, ತಟ್ಟೆಗಳು ನಿಲ್ಲುವವರೆಗೆ ತಾಳಿ, ಆಮೇಲೆ ಕೇಬಲ್ ಕಳಚಿ.

ನಿಮ್ಮ ನುಡಿ ಫೈಲುಗಳ ವಿಚಾರ ಪ್ರತ್ಯೇಕವಾಗಿ ಹೇಳಬೇಕಾದದ್ದು. ಡಿಸ್ಕ್ ಎಷ್ಟೇ ಗಟ್ಟಿಯಿದ್ದರೂ ಎಲ್ಲ ಕಂಪ್ಯೂಟರುಗಳೂ ಗುರುತಿಸುವ ಅಕ್ಷರ ಸಂಕೇತವಾದ ಯೂನಿಕೋಡ್ ಬರುವ ಮೊದಲಿನ ನುಡಿ, ಬರಹ ಫಾಂಟುಗಳಲ್ಲಿ ಟೈಪ್ ಮಾಡಿದ ಬರವಣಿಗೆಯು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ. ನಿಮ್ಮ ಮಗನ ಮ್ಯಾಕ್‌ನಲ್ಲಿ ಇಂದೇ ಹಾಗೆ ಕಂಡೀತು. ಆದ್ದರಿಂದ ಪ್ರತಿ ಲೇಖನದ ಮೂಲ ಫೈಲ್, ಯೂನಿಕೋಡ್‌ಗೆ ಪರಿವರ್ತಿಸಿದ ಪ್ರತಿ, ಒಂದು ಪಿಡಿಎಫ್, ಇವು ಮೂರನ್ನೂ ಒಂದೇ ಫೋಲ್ಡರಿನಲ್ಲಿಡಿ. ಬಳಸಿದ ಫಾಂಟ್ ಫೈಲುಗಳನ್ನೂ ಡಿಸ್ಕಿನಲ್ಲಿ ಇರಿಸಿ. ಪರಿವರ್ತನೆಯಲ್ಲಿ ಒತ್ತಕ್ಷರಗಳೂ ಅರ್ಕಾವತ್ತೂ ಕೆಲವೊಮ್ಮೆ ತಪ್ಪುತ್ತವೆ, ಪಿಡಿಎಫ್ ಇದ್ದರೆ ನೋಡಿ ತಿದ್ದಬಹುದು. ಕ್ಯಾಸೆಟ್‌ಗಳ ಫೈಲುಗಳಿಗೂ ಪ್ರಸಂಗ, ಊರು, ವರ್ಷ, ಭಾಗವತರು ಮತ್ತು ಅರ್ಥಧಾರಿಗಳ ಹೆಸರು ಸೇರಿಸಿ ಹೆಸರಿಡಿ. ಈ ವಿವರ ಬಲ್ಲವರು ಈಗ ಬಹುಶಃ ನೀವೊಬ್ಬರೇ. ಕನ್ನಡದಲ್ಲಿಯೇ ಹೆಸರಿಟ್ಟರೂ ತೊಂದರೆಯಿಲ್ಲ, ಎನ್‌ಟಿಎಫ್‌ಎಸ್ ಅದನ್ನು ಚೆನ್ನಾಗಿ ನಿಭಾಯಿಸುತ್ತದೆ.

ಒಂದು ಡಿಸ್ಕ್ ನಿಮ್ಮ ಮನೆಯಲ್ಲಿ, ಇನ್ನೊಂದು ಬೆಂಗಳೂರಿನಲ್ಲಿ ಮಗನ ಮನೆಯಲ್ಲಿ ಇರಲಿ. ಹಬ್ಬಕ್ಕೆ ಅವರು ಬಂದಾಗ ಅದಲುಬದಲು ಮಾಡಿ, ಬಂದ ಡಿಸ್ಕಿಗೆ ಅಲ್ಲಿಯವರೆಗಿನ ಹೊಸದನ್ನು ಸೇರಿಸಿಕೊಳ್ಳಿ. ಮನೆಯಲ್ಲಿರುವುದನ್ನು ಕೆಲಸವಿಲ್ಲದಾಗ ಕಂಪ್ಯೂಟರಿಗೆ ಸಿಕ್ಕಿಸಿಯೇ ಬಿಡಬೇಡಿ. ಸಿಡಿಲಿನ ಆಘಾತ ವಿದ್ಯುತ್ ತಂತಿಯಿಂದಲೋ ಇಂಟರ್ನೆಟ್ ಕೇಬಲಿನಿಂದಲೋ ಕಂಪ್ಯೂಟರಿಗೆ ಬಂದರೆ ಅದಕ್ಕೆ ಸಿಕ್ಕಿಸಿದ ಡಿಸ್ಕೂ ಹೋಗಬಹುದು. ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ರ‍್ಯಾನ್ಸಮ್‌ವೇರ್ ವೈರಸ್ ಕೂಡ ಸಿಕ್ಕಿಸಿದ ಡಿಸ್ಕನ್ನು ಬಿಡುವುದಿಲ್ಲ, ಕಪಾಟಿನಲ್ಲಿರುವುದನ್ನು ಮುಟ್ಟಲಾರದು. ಟಿವಿಗೆ ಸಿಕ್ಕಿಸಿ ಸಿನಿಮಾ ನೋಡಲು ಈ ಡಿಸ್ಕ್‌ಗಳನ್ನು ದಯವಿಟ್ಟು ಬಳಸಬೇಡಿ, ಅದಕ್ಕೊಂದು ಪೆನ್‌ಡ್ರೈವ್ ಸಾಕು.

ಮಳೆಗಾಲದ ನಾಲ್ಕು ತಿಂಗಳು ನಿಮ್ಮಲ್ಲಿ ತೇವವೇ ದೊಡ್ಡ ಶತ್ರು. ಬಿಗಿಯಾದ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಡಿಸ್ಕನ್ನೂ ಅದರ ಕೇಬಲನ್ನೂ ಇಡಿ. ತಣ್ಣಗಿದ್ದ ಡಿಸ್ಕನ್ನು ಹೊರತೆಗೆದ ಕೂಡಲೇ ಸಿಕ್ಕಿಸದೆ ಅರ್ಧ ಗಂಟೆ ಕೋಣೆಯ ಉಷ್ಣತೆಗೆ ಬರಲು ಬಿಡಿ. ಬಯಲುಸೀಮೆಯ ಓದುಗರಿಗೆ ಇದಕ್ಕೆ ತದ್ವಿರುದ್ಧ ಎಚ್ಚರಿಕೆ ಬೇಕು. ಹಲವು ಪೋರ್ಟಬಲ್ ಡಿಸ್ಕ್‌ಗಳು ಕೆಲಸ ಮಾಡಲು ತಕ್ಕ ಉಷ್ಣತೆಯೆಂದು ತಯಾರಕರು ನಮೂದಿಸುವುದು 5ರಿಂದ 35 ಡಿಗ್ರಿ. ರಾಯಚೂರು, ಕಲಬುರಗಿಗಳ ಬೇಸಿಗೆಯಲ್ಲಿ 40 ದಾಟುವುದು ಸಾಮಾನ್ಯವಾದ್ದರಿಂದ ಅಲ್ಲಿ ಬೆಳಗಿನ ಜಾವವೋ ರಾತ್ರಿಯೋ ನಕಲು ಮಾಡುವುದು ಕ್ಷೇಮ.

ಆಯಸ್ಸಿನ ಪ್ರಶ್ನೆಗೆ ನನ್ನ ರೂಢಿಯ ಉತ್ತರ ಐದು ವರ್ಷ. ಅದಕ್ಕಿಂತ ಹೆಚ್ಚು ಬಾಳುವ ಡಿಸ್ಕ್‌ಗಳು ಎಷ್ಟೋ ಇವೆ, ಆದರೆ ಐದು ವರ್ಷವಾದ ಮೇಲೆ ಹೊಸದನ್ನು ಕೊಂಡು ಅದಕ್ಕೆ ನಕಲು ಮಾಡಿ, ಹಳೆಯದನ್ನು ಮೂರನೆಯ ಪ್ರತಿಯಾಗಿ ಇಟ್ಟುಕೊಳ್ಳುವುದು ಒಳ್ಳೆಯದು. ಈ ನಡುವೆ ಆರು ತಿಂಗಳಿಗೊಮ್ಮೆ ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಎಂಬ ಉಚಿತ ತಂತ್ರಾಂಶವನ್ನು ತೆರೆಯಿರಿ. ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಬರೆದಿಡುವ ಲೆಕ್ಕವನ್ನು ಅದು ಓದಿ ತೋರಿಸುತ್ತದೆ. ನೀಲಿ ಇದ್ದರೆ ಸರಿ. ಹಳದಿಗೆ ತಿರುಗಿ ‘ಕಾಶನ್’ ಎಂದರೆ, ಮುಖ್ಯವಾಗಿ ಕೆಟ್ಟ ಸೆಕ್ಟರ್‌ಗಳ, ಅಂದರೆ ಬಳಸಲಾಗದ ಸಣ್ಣ ತುಣುಕುಗಳ, ಸಂಖ್ಯೆ ಏರುತ್ತಿದ್ದರೆ, ಆ ಡಿಸ್ಕನ್ನು ಬದಲಿಸುವ ಸಮಯ ಬಂದಿದೆ. ಎಚ್ಚರಿಕೆ ಕೊಡದೆಯೇ ಕೆಡುವ ಡಿಸ್ಕ್‌ಗಳೂ ಇರುವುದರಿಂದ ನೀಲಿ ಕಂಡಿತೆಂದು ಎರಡನೆಯ ಪ್ರತಿಯನ್ನು ಕೈಬಿಡಬೇಡಿ.

ಆಧಾರ್, ಪ್ಯಾನ್, ಬ್ಯಾಂಕ್ ಕಾಗದಗಳ ಸ್ಕ್ಯಾನ್ ಪ್ರತಿಗಳಿದ್ದರೆ ಅವನ್ನು ಮಾತ್ರ ವೆರಾಕ್ರಿಪ್ಟ್ ತಂತ್ರಾಂಶದಿಂದ ಪಾಸ್‌ವರ್ಡ್ ಹಾಕಿದ ಪ್ರತ್ಯೇಕ ಫೈಲಿನಲ್ಲಿಡಿ, ಪಾಸ್‌ವರ್ಡನ್ನು ಮನೆಯ ದಾಖಲೆಪತ್ರಗಳ ಜೊತೆ ಕಾಗದದಲ್ಲಿ ಬರೆದಿಡಿ. ಕುಟುಂಬದ ಫೋಟೊಗಳಿಗೆ ಪಾಸ್‌ವರ್ಡ್ ಹಾಕಬೇಡಿ. ಅದು ಮರೆತುಹೋದರೆ ಮನೆಯವರೇ ಹೊರಗುಳಿಯುತ್ತಾರೆ. ಗೂಗಲ್ ಉಚಿತವಾಗಿ ಕೊಡುವ 15 ಜಿಬಿಯಲ್ಲಿ ನಿಮ್ಮ ಲೇಖನಗಳೆಲ್ಲವೂ ಹಿಡಿಯುವುದರಿಂದ ಅವುಗಳ ಇನ್ನೊಂದು ಪ್ರತಿ ಅಲ್ಲಿಯೂ ಇರಲಿ.

ಕೊನೆಯದಾಗಿ, ಮುಂದೆಂದಾದರೂ ಡಿಸ್ಕನ್ನು ಸಿಕ್ಕಿಸಿದಾಗ ‘ಬಳಸುವ ಮೊದಲು ಈ ಡಿಸ್ಕನ್ನು ಫಾರ್ಮ್ಯಾಟ್ ಮಾಡಬೇಕು’ ಎಂದು ವಿಂಡೋಸ್ ಹೇಳಿದರೆ ‘ಕ್ಯಾನ್ಸಲ್’ ಒತ್ತಿ. ಒಳಗಿನ ಫೈಲುಗಳು ಬಹಳ ಸಲ ಹಾಗೆಯೇ ಇರುತ್ತವೆ, ಅವುಗಳ ಪಟ್ಟಿ ಮಾತ್ರ ಹಾಳಾಗಿರುತ್ತದೆ. ಬೇರೆ ಕೇಬಲ್, ಬೇರೆ ಕಂಪ್ಯೂಟರ್ ಪ್ರಯತ್ನಿಸಿದ ಮೇಲೂ ಕಾಣದಿದ್ದರೆ, ಅಥವಾ ಬಿದ್ದ ಮೇಲೆ ಒಳಗಿನಿಂದ ‘ಟಕ್ ಟಕ್’ ಸದ್ದು ಬಂದರೆ, ಕೂಡಲೇ ಕಳಚಿಬಿಡಿ, ಮತ್ತೆ ಸಿಕ್ಕಿಸಬೇಡಿ. ಪ್ರತಿ ಸಲ ತಿರುಗಿದಾಗಲೂ ಗೀರು ಹೆಚ್ಚುತ್ತದೆ. ದುರಸ್ತಿಗೆಂದು ಅಂಗಡಿಯವರು ನಿಮ್ಮ ಎದುರಿಗೇ ಮುಚ್ಚಳ ಬಿಚ್ಚಲು ಹೊರಟರೆ ತಡೆಯಿರಿ. ಧೂಳಿಲ್ಲದ ವಿಶೇಷ ಕೋಣೆಯಿರುವ ಡೇಟಾ ರಿಕವರಿ ಸಂಸ್ಥೆಯಲ್ಲಿ ಮಾತ್ರ ಅದನ್ನು ತೆರೆಯಬೇಕು, ಅದಕ್ಕೆ ತಗಲುವ ಖರ್ಚು ಹೊಸ ಡಿಸ್ಕಿನ ಬೆಲೆಯ ಹಲವು ಪಟ್ಟು. ನೀವು ಆ ಖರ್ಚಿಗೆ ಇಳಿಯಬೇಕಾಗಿಲ್ಲ. ಬೆಂಗಳೂರಿನಲ್ಲಿರುವ ಡಿಸ್ಕನ್ನು ತರಿಸಿ, ಹೊಸದೊಂದನ್ನು ಕೊಂಡು, ಬೇರೆ ಯಾವ ಕೆಲಸಕ್ಕೂ ಮೊದಲು ಅದಕ್ಕೊಂದು ನಕಲು ಮಾಡಿ.